ಮಡಚಿದ ಮೂಲೆಗಳು

ಹೊನ್ನಾಳಿಯ ಓದುಗರ ಬಳಗವೊಂದು ಪ್ರತಿ ವರ್ಷ ಒಂದು ಮಕ್ಕಳ ಕಾದಂಬರಿಗೆ ಬಹುಮಾನ ಕೊಡುತ್ತದೆ. ಮಕ್ಕಳ ಪುಸ್ತಕವನ್ನು ತಲೆ ನರೆತವರು ಕೂತು ಆರಿಸುವುದು ಯಾವ ನ್ಯಾಯ ಎಂದು ಯಾರೋ ಪುಣ್ಯಾತ್ಮರು ಕೇಳಿದ್ದರಿಂದ, ಈ ಸಲ ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳಿಂದ ಒಬ್ಬೊಬ್ಬ ಹೈಸ್ಕೂಲು ಓದುಗರನ್ನು ಹಿಡಿದು ತಂದು ಆಯ್ಕೆ ಸಮಿತಿ ಮಾಡಿದರು. ನ್ಯಾಮತಿಯ ಪಾಲಿಗೆ ಸಿಕ್ಕವಳು ಗೋವಿನಕೋವಿಯ ಸಂಘಮಿತ್ರಾ. ಶಾಲೆಯಲ್ಲಿ ಅವಳು ಪುಸ್ತಕದ ಮಾತು ತೆಗೆದರೆ ಪಕ್ಕದವರು ಮೊಬೈಲ್ ತೆಗೆಯುತ್ತಿದ್ದರು. ಹಾಗಾಗಿ ಸಮಿತಿ ಎಂದಾಗ ಅವಳಿಗೆ ಹಿಗ್ಗೋ ಹಿಗ್ಗು. ಇನ್ನು ಮೇಲೆ ಓದಿದ್ದನ್ನು ಹೇಳಿಕೊಳ್ಳಲು ಜನ ಸಿಗುತ್ತಾರೆ ಎಂದುಕೊಂಡಳು.

ಅಧ್ಯಕ್ಷೆ ವನಜಾಕ್ಷಿ ಮೇಡಂ ನಿವೃತ್ತ ಟೀಚರು. ಫೋನಿನಲ್ಲೇ ನಿಯಮ ಹೇಳಿ ಆ ಹಿಗ್ಗಿಗೆ ತಣ್ಣೀರು ಎರಚಿದರು. ಸಭೆಯ ದಿನದವರೆಗೆ ಓದಿದ್ದರ ಬಗ್ಗೆ ಯಾರ ಹತ್ತಿರವೂ ತುಟಿ ಬಿಚ್ಚುವಂತಿಲ್ಲ, ಮನೆಯವರ ಹತ್ತಿರವೂ. ಪುಸ್ತಕದಲ್ಲಿ ಗೀಚುವಂತಿಲ್ಲ. ಬಳಗದ ಬಳಿ ಇದ್ದದ್ದು ಒಂದೊಂದೇ ಪ್ರತಿ. ಪುಸ್ತಕಗಳ ಚೀಲ ಜಗಳೂರಿನಿಂದ ಹೊರಟು, ಒಬ್ಬರು ಓದಿದ ಮೇಲೆ ಇನ್ನೊಬ್ಬರ ಊರಿಗೆ ಬಸ್ಸು ಹತ್ತುತ್ತಿತ್ತು. ಸಂಘಮಿತ್ರಾ ಸಾಲಿನಲ್ಲಿ ಕೊನೆಯವಳು.

ಅಪ್ಪ ದಾವಣಗೆರೆಯಲ್ಲಿ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುವವನು. ಮನೆಯಲ್ಲಿ ಅವಳು, ಅವಳ ಅವ್ವ ಮಮತಾ, ಇಬ್ಬರೇ. ಅಂಗನವಾಡಿ ಕೆಲಸ ಮುಗಿಸಿ ಬಂದು ರೊಟ್ಟಿ ತಟ್ಟುತ್ತಾ ಮಮತಾ ಕೇಳುತ್ತಿದ್ದಳು:

"ಏನೈತೆ ಅದ್ರಾಗೆ? ನನಗೂ ಒಂಚೂರು ಹೇಳು."

"ಹೇಳಂಗಿಲ್ಲ ಅವ್ವ. ರೂಲ್ಸ್ ಐತೆ."

ಕೆಲವು ಸಂಜೆ ಕೇಳಿ, ಆಮೇಲೆ ಮಮತಾ ಕೇಳುವುದನ್ನು ಬಿಟ್ಟಳು. ಮಗಳು ಅದನ್ನು ಗಮನಿಸಲೂ ಇಲ್ಲ. ಅವಳಿಗೆ ಆಗಲೇ ಬೇರೆ ಜೊತೆ ಸಿಕ್ಕಿತ್ತು.

ಚೀಲದಲ್ಲಿ ರೈಲ್ವೆ ಗೇಟು ಕಾಯುವವನ ಮಗಳ ಕತೆಯೊಂದಿತ್ತು. ಊರಿಂದ ದೂರದ ಗೇಟು, ಆಡಲು ಯಾರೂ ಇಲ್ಲದ ಹುಡುಗಿ. ಅದನ್ನು ಓದುವಾಗ ಸಂಘಮಿತ್ರಾಳಿಗೆ ಕಂಡದ್ದು ಹಾಳೆಯ ಮೂಲೆಯಲ್ಲಿದ್ದ ಪುಟ್ಟ ಮಡಿಕೆ. ತನಗಿಂತ ಮೊದಲು ಓದಿದ ಯಾರೋ ಮಡಚಿದ್ದು. ಗೀಚಬಾರದು ಎಂದಿದ್ದರು, ಮಡಚಬಾರದು ಎಂದಿರಲಿಲ್ಲವಲ್ಲ! ಮುಂದೆ ಇನ್ನೊಂದು ಮಡಿಕೆ, ಮತ್ತೊಂದು. ಎಲ್ಲೆಲ್ಲಿ ತಾನು ಮುಂದೆ ಓದಲಾರದೆ ನಿಂತಳೋ ಹೆಚ್ಚುಕಡಿಮೆ ಅಲ್ಲೆಲ್ಲ ಮಡಿಕೆ. ಒಂದು ಅಧ್ಯಾಯದಲ್ಲಂತೂ ಮೂಲೆಯನ್ನು ಎರಡು ಸಲ ಮಡಚಿದ್ದರು. ಗೇಟಿನ ಹುಡುಗಿ ಒಬ್ಬಳೇ ಕೂತು ಚೌಕಾಬಾರ ಆಡುವ ಅಧ್ಯಾಯ ಅದು. ತನ್ನ ಕವಡೆಯನ್ನೂ ತಾನೇ ಎಸೆಯುತ್ತಾಳೆ, ಎದುರಿಲ್ಲದ ಗೆಳತಿಯ ಕವಡೆಯನ್ನೂ ತಾನೇ ಎಸೆಯುತ್ತಾಳೆ. ಗೆಳತಿ ಸೋತರೆ ಎದ್ದು ಹೋಗಿಬಿಟ್ಟಾಳು ಎಂದು ಹೆದರಿ, ಬೇಕೆಂದೇ ತಾನು ಸೋಲುತ್ತಾಳೆ.

ಸಂಘಮಿತ್ರಾ ಅತ್ತಳು. ಇದನ್ನು ಓದಿ ಅತ್ತವರು ಇನ್ನೊಬ್ಬರಿದ್ದಾರೆ ಎಂದು ಇನ್ನಷ್ಟು ಅತ್ತಳು. ಆಮೇಲೆ ಆ ಮೇಲಿನ ಮಡಿಕೆಗೆ ಉತ್ತರ ಕೊಟ್ಟ ಹಾಗೆ ಕೆಳಗಿನ ಮೂಲೆಯನ್ನು ತಾನೂ ಮಡಚಿದಳು. ತನ್ನ ನಂತರ ಆ ಪುಸ್ತಕವನ್ನು ಯಾರೂ ಓದುವುದಿಲ್ಲ ಎನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ಈ ಪುಸ್ತಕಕ್ಕೇ ಬಹುಮಾನ ಬರಬೇಕು, ಆ ಮಡಿಕೆಯವರು ಯಾರೆಂದು ತಿಳಿಯಬೇಕು. ಅವಳಿಗೆ ಬೇಕಿದ್ದದ್ದು ಇಷ್ಟೇ.

ಸಭೆ ಹೊನ್ನಾಳಿ ಬಸ್ ಸ್ಟ್ಯಾಂಡಿನ ಹತ್ತಿರದ ಮಹಡಿಯೊಂದರಲ್ಲಿ ನಡೆಯಿತು. ಚನ್ನಗಿರಿಯ ದುರ್ಗಾಂಬಿಕಾ, ಹೊನ್ನಾಳಿಯ ಸಿದ್ದೇಶ, ಜಗಳೂರಿನ ತಿಪ್ಪೇರುದ್ರಸ್ವಾಮಿ. ಇವನ ಹೆಸರು ಇವನಿಗಿಂತ ಉದ್ದ, ಹಾಗಾಗಿ ಎಲ್ಲರಿಗೂ ರುದ್ರ. ಪ್ರತಿ ಪುಸ್ತಕಕ್ಕೂ ಒಬ್ಬೊಬ್ಬರಾಗಿ ಮಾತಾಡಬೇಕು, ಆಮೇಲೆ ಕೈ ಎತ್ತಬೇಕು. ಒಂದೇ ಕೈ ಎದ್ದರೆ ಪುಸ್ತಕ ಹೊರಗೆ. ಎರಡು ಎದ್ದರೆ ಮತ್ತೆ ಚರ್ಚೆ.

ಗೇಟಿನ ಹುಡುಗಿಯ ಸರದಿ ಬಂದಾಗ ಮೊದಲು ಸಂಘಮಿತ್ರಾಳನ್ನೇ ಕೇಳಿದರು. ಭಾಷೆ ಚೆನ್ನಾಗಿದೆ, ಚಿತ್ರಗಳು ಚೆನ್ನಾಗಿವೆ, ಹುಡುಗಿ ಇಷ್ಟವಾದಳು ಎಂದಳು. ಚೌಕಾಬಾರ ನಾಲಿಗೆಯ ತುದಿಗೆ ಬಂತು. ಬೇಕೆಂದೇ ನುಂಗಿದಳು. ಎರಡು ಸಲ ಮಡಚಿದವರು ಈ ಕೋಣೆಯಲ್ಲೇ ಇದ್ದಾರೆ, ಆ ಅಧ್ಯಾಯ ಅವರದ್ದು, ಅವರೇ ಹೇಳಲಿ, ಆಗ ತಾನೂ ಸೇರಿಕೊಳ್ಳುತ್ತೇನೆ ಎಂದು ಕಾದಳು. ದುರ್ಗಾಂಬಿಕಾ ಪುಸ್ತಕ ನಿಧಾನ ಎಂದಳು. ಸಿದ್ದೇಶ ಏನೂ ನಡೆಯುವುದೇ ಇಲ್ಲ ಎಂದ. ರುದ್ರ, ಪರವಾಗಿಲ್ಲ ಎಂದು ಕೂತ.

ಎದ್ದದ್ದು ಸಂಘಮಿತ್ರಾಳ ಕೈ ಒಂದೇ. ಇನ್ಯಾರಾದರೂ ಇದ್ದೀರಾ ಎಂದು ಮೇಡಂ ಸುತ್ತ ನೋಡಿದರು. ಸಂಘಮಿತ್ರಾಳೂ ನೋಡಿದಳು. ಕೈ ಇಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಬಹುಮಾನ ಪಂಚಾಯಿತಿ ಚುನಾವಣೆಗೆ ನಿಂತ ಕೋತಿಯ ಕತೆಗೆ ಹೋಯಿತು. ಕೋತಿ ಗೆದ್ದದ್ದಕ್ಕೆ ಎಲ್ಲರೂ ನಕ್ಕರು, ಅವಳೂ ನಕ್ಕಳು.

ಓದುಗರು ತಮಗಿಷ್ಟದ ಒಂದು ಪುಸ್ತಕವನ್ನು ಮನೆಗೆ ಒಯ್ಯಬಹುದಿತ್ತು. ಅವಳು ತನ್ನದನ್ನು ಎತ್ತಿಕೊಂಡಳು. ಕೆಳಗೆ ಮಂಡಕ್ಕಿ, ಮಿರ್ಚಿ ತಿನ್ನುವಾಗ ತಡೆಯಲಾರದೆ, ಮೂಲೆ ಮಡಚಿದವರು ಯಾರು ಎಂದು ಕೇಳಿದಳು. ರುದ್ರ ಕೈಯಲ್ಲಿದ್ದ ಮಿರ್ಚಿ ಇಳಿಸಿದ.

"ನಾನೇ. ಮೇಡಂಗೆ ಹೇಳಬೇಡ. ನಿದ್ದೆ ಬಂದಲ್ಲಿ ಮಡಚಿ ಇಡ್ತಿದ್ದೆ, ಮತ್ತೆ ಓದಾಕೆ."

ಎರಡು ಸಲ ಮಡಚಿದ್ದು ಯಾಕೆ ಎಂದು ಕೇಳಲು ಅವಳಿಗೆ ಧೈರ್ಯವೇ ಬರಲಿಲ್ಲ. ಅವನೇ ಹೇಳಿದ, ಒಂದು ಕಡೆಯಂತೂ ಎರಡು ದಿನ ಅದೇ ಹಾಳೆ ಮೇಲೆ ಮಲಗಿದ್ದನಂತೆ. ಅಲ್ಲಿ ಏನಿತ್ತು ಎಂಬುದೇ ನೆನಪಿಲ್ಲವಂತೆ.

ಏನಿತ್ತು ಎಂದು ಅವಳು ಹೇಳಿದಳು. ಕವಡೆ, ಕಾಣದ ಗೆಳತಿ, ಬೇಕೆಂದೇ ಸೋಲುವುದು, ಎಲ್ಲ. ರುದ್ರನ ಬಾಯಿ ಅಗಿಯುವುದನ್ನು ನಿಲ್ಲಿಸಿತು.

"ಇದನ್ನ ಒಳಗ್ಯಾಕೆ ಹೇಳ್ಲಿಲ್ಲ? ಹೇಳಿದ್ರೆ ನಾನು ಕೈ ಎತ್ತುತಿದ್ದೆ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನೀನು ಹೇಳುತ್ತೀಯ ಅಂತ ಕಾದೆ ಎನ್ನುವಷ್ಟರಲ್ಲಿ ಅವನ ಬಸ್ಸು ಬಂತು. ಅವನು ಓಡಿದ.

ನ್ಯಾಮತಿಯಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟುವವರೆಗೆ ಅವಳು ಪುಸ್ತಕವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು, ತೆರೆಯಲಿಲ್ಲ. ಬಸ್ಸಿನ ತುಂಬ ಜನ. ಇಷ್ಟು ಒಂಟಿ ಎನಿಸಿದ್ದು ಅವಳಿಗೆ ಇದೇ ಮೊದಲು.

ಮಮತಾ ಒಲೆಯ ಮುಂದೆ ಕೂತಿದ್ದಳು. ಕೈಕಾಲು ತೊಳೆದುಕೊಂಡು ಬಾ ಎಂದಳು. ಏನೈತೆ ಅದ್ರಾಗೆ ಎನ್ನುವ ಮಾತಿಗಾಗಿ ಮಗಳು ಅಡುಗೆಮನೆಯ ಹೊಸ್ತಿಲಲ್ಲಿ ಕಾದಳು. ಈಗ ನಿಯಮವಿಲ್ಲ, ಏನು ಬೇಕಾದರೂ ಹೇಳಬಹುದು. ಅವ್ವ ಕೇಳಲಿಲ್ಲ. ಬೇಡವೆಂದವರನ್ನು ಯಾರು ತಾನೇ ಎಷ್ಟು ಸಲ ಕೇಳುತ್ತಾರೆ? ರೊಟ್ಟಿ ತಟ್ಟುವ ಸದ್ದೊಂದೇ.

"ಅವ್ವ," ಸಂಘಮಿತ್ರಾ ತಾನಾಗಿಯೇ ಶುರುಮಾಡಿದಳು, "ಒಬ್ಬ ಹುಡುಗಿ ಇರ್ತಾಳೆ. ರೈಲ್ವೆ ಗೇಟ್ ಹತ್ರ ಅವಳ ಮನಿ."

"ಯಾರ ಪೈಕಿ?"

"ಪುಸ್ತಕದಾಗೆ, ಅವ್ವ. ಅವಳ ಜೊತಿ ಮಾತಾಡಾಕೆ, ಆಡಾಕೆ ಯಾರೂ ಇರಲ್ಲ."

ಮಮತಾ ಉರಿ ಸಣ್ಣ ಮಾಡಿ, ಹಿಟ್ಟಿನ ಕೈಯಲ್ಲೇ ಮಗಳ ಕಡೆ ತಿರುಗಿ ಕೂತಳು.

"ಅವಳಿಗೆ ಅವ್ವ ಇರಲಿಲ್ಲೇನು?"

ಸಂಘಮಿತ್ರಾ ಹೊಸ್ತಿಲು ದಾಟಿ ಬಂದು ಅವ್ವನ ಪಕ್ಕ ಕೂತಳು.

"ಇದ್ಲು," ಎಂದಳು.