ತಡವರಿಸದ ಓದು

ಪರೀಕ್ಷೆಗೆ ಇನ್ನು ಹದಿನೈದು ದಿನ ಇದೆ ಅನ್ನುವಾಗ ಷಣ್ಮುಖಪ್ಪ ಮೇಷ್ಟ್ರು ಊರಿನ ಮನೆಮನೆಗೂ ಬಂದು ಹೋದರು. ಬಿಳಿಕೆರೆಯಿಂದ ಎರಡು ಮೈಲಿ ಒಳಗಿದ್ದ ಆ ಊರಿಗೆ ಸ್ಕೂಲು ಬಂದು ಇನ್ನೂ ಮೂರು ವರ್ಷ. ಇನ್‌ಸ್ಪೆಕ್ಟರು ಬಂದು ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಪುಸ್ತಕ ಓದಿಸುತ್ತಾರೆ, ಮಗ್ಗಿ ಕೇಳುತ್ತಾರೆ, ಸ್ಲೇಟಿನ ಮೇಲೆ ನಾಲ್ಕು ಮಾತು ಬರೆಸುತ್ತಾರೆ, ಹೆದರುವಂಥದ್ದೇನಿಲ್ಲ ಎಂದು ಜಗಲಿ ಜಗಲಿಯಲ್ಲೂ ಕೂತು ಹೇಳಿದರು.

"ದೀಪ ಹಚ್ಚೋ ಹೊತ್ತಿಗೆ ಅರ್ಧ ಗಂಟೆ ಪಕ್ಕದಲ್ಲಿ ಕೂರಿಸ್ಕೊಂಡು ಓದಿಸಿ. ಹೊಟ್ಟೆ ತುಂಬ ಉಣ್ಣಿಸಿ ಬೇಗ ಮಲಗಿಸಿ. ಅಷ್ಟು ಸಾಕು."

ಪುಟ್ಟತಾಯಮ್ಮನ ಗಂಡ ಚಿಕ್ಕಣ್ಣ ಕೇಳಿದ: "ನಮ್ಗೆ ಅಕ್ಸರಾನೇ ಬರಾಕಿಲ್ಲ ಮೇಷ್ಟ್ರೆ. ಮಗಳು ತಪ್ಪೋದ್ತಾ ಅವ್ಳೆ ಅಂತ ನಮ್ಗೆಂಗೆ ಗೊತ್ತಾಯ್ತದೆ?"

"ಸರಿಯಾಗಿ ಬರೋ ಮಗು ತಡವರಿಸಲ್ಲ ಕಣಪ್ಪ" ಅಂದು ಮೇಷ್ಟ್ರು ಮುಂದಿನ ಮನೆಗೆ ಹೊರಟರು.

ಆ ಒಂದು ಮಾತನ್ನು ಚಿಕ್ಕಣ್ಣ ಗಟ್ಟಿಯಾಗಿ ಹಿಡಿದುಕೊಂಡ.

ಅವನು ಕೆಟ್ಟವನಲ್ಲ. ಎಂಟು ವರ್ಷದ ಕೆಂಪಾಜಿಯನ್ನು ಹೊಲಕ್ಕೆ ಹೆಗಲ ಮೇಲೆ ಕೂರಿಸಿಕೊಂಡೇ ಹೋಗುತ್ತಿದ್ದವನು. ಆದರೆ ಹೋದ ಸುಗ್ಗಿಯಲ್ಲಿ ಪಟ್ಟಣದ ಕಚೇರಿಯೊಂದರಲ್ಲಿ ಗುಮಾಸ್ತನೊಬ್ಬ ಹತ್ತು ಜನರ ಎದುರಿಗೆ ಇವನ ಹೆಬ್ಬೆರಳು ಹಿಡಿದೆಳೆದು ಮಸಿಗೆ ಅದ್ದಿ ಕಾಗದಕ್ಕೆ ಒತ್ತಿದ್ದ. ಅವತ್ತು ಮನೆಗೆ ಬಂದು ಬೆರಳು ಕೆಂಪಾಗುವವರೆಗೂ ಬೂದಿ ಹಾಕಿ ಉಜ್ಜಿದ್ದ.

ಮೇಷ್ಟ್ರು ಬಂದುಹೋದ ಮಾರನೆಯ ಸಂಜೆ ಹುಣಸೆ ಬರಲು ಮುರಿದುಕೊಂಡು ಬಂದು ಮಗಳ ಎದುರಿಗೆ ಕೂತ. "ಓದು" ಅಂದ. ಕೆಂಪಾಜಿ ಅಕ್ಷರ ಕೂಡಿಸಿಕೊಂಡು ಓದುವ ಹುಡುಗಿ. ಎರಡು ಮಾತಿಗೊಮ್ಮೆ ನಿಂತಳು. ನಿಂತಾಗಲೆಲ್ಲ ಬರಲು ಮೀನಖಂಡದ ಮೇಲೆ ಬಿತ್ತು. ಒಲೆ ಮುಂದೆ ಮುದ್ದೆ ತೊಳಸುತ್ತಿದ್ದ ಪುಟ್ಟತಾಯಮ್ಮ ಎರಡನೆಯ ದಿನ, "ಸಾಕು ಬುಡಿ, ಇನ್ನೂ ಕೂಸು ಅದು" ಅಂದಳು. ಚಿಕ್ಕಣ್ಣ ತಿರುಗಿ ನೋಡಿದ ನೋಟಕ್ಕೆ ಅವಳ ಕೈ ಮುದ್ದೆ ಕೋಲಿನ ಮೇಲೆ ಹಾಗೇ ನಿಂತಿತು.

ಐದನೆಯ ಸಂಜೆ ಕೆಂಪಾಜಿ ಎಲ್ಲೂ ನಿಲ್ಲಲಿಲ್ಲ.

"ನೋಡ್ದಾ? ನೀರು ಅರದಂಗೆ ಓದ್ತಾ ಅವ್ಳೆ!" ಚಿಕ್ಕಣ್ಣನಿಗೆ ಹಿಡಿಸಲಾರದಷ್ಟು ಸಂತೋಷ. ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೇಳಿಸಿದ.

ಪುಟ್ಟತಾಯಮ್ಮ ಮಾತ್ರ ಮಗಳ ಮುಖವನ್ನೇ ನೋಡುತ್ತಿದ್ದಳು. ಮಗುವಿನ ಬಾಯಿ ಓದುತ್ತಿತ್ತು, ಕಣ್ಣು ಪುಸ್ತಕದಲ್ಲಿರಲಿಲ್ಲ. ಅಪ್ಪನ ಬಲಗೈ ಮೇಲಿತ್ತು. ಒಂದು ಸಂಜೆ ಗಾಳಿಗೆ ದೀಪ ಆರಿಹೋಯಿತು. ಪುಟ್ಟತಾಯಮ್ಮ ಕೊಳ್ಳಿ ಹುಡುಕಿ ತಂದು ಮತ್ತೆ ಹಚ್ಚುವವರೆಗೂ ಆ ಕತ್ತಲಲ್ಲಿ ಓದು ನಡೆದೇ ಇತ್ತು. "ಬಾಯಿಪಾಟ ಆಗೋಗದೆ" ಅಂದು ಚಿಕ್ಕಣ್ಣ ನಕ್ಕ. ಅವಳಿಗೆ ನಗು ಬರಲಿಲ್ಲ. ಮಗು ಉಣ್ಣುವುದು ಬಿಟ್ಟಿತ್ತು. ನಿದ್ದೆಯಲ್ಲೂ ತುಟಿ ಅಲ್ಲಾಡಿಸುತ್ತಿತ್ತು.

ಹೊಲಕ್ಕೆ ಬುತ್ತಿ ಒಯ್ಯುವ ನೆವದಲ್ಲಿ ಅವಳು ಸ್ಕೂಲಿನ ಹತ್ತಿರ ಹೋಗಿ ಬಾಗಿಲಾಚೆಯಿಂದಲೇ ಮೇಷ್ಟ್ರನ್ನು ಕರೆದಳು. ಇದ್ದದ್ದನ್ನೆಲ್ಲ ಹೇಳಿದಳು. ಮೇಷ್ಟ್ರು ಯೋಚಿಸಿ, "ನಡುವೆ ಒಂದು ಮಾತಿನ ಮೇಲೆ ಬೆರಳಿಟ್ಟು ಇದೇನಮ್ಮ ಅಂತ ಕೇಳಿ. ಸ್ವಲ್ಪ ಹೊತ್ತು ಬಿಟ್ಟು ಅದೇ ಮಾತಿನ ಮೇಲೆ ಮತ್ತೆ ಇಡಿ. ಎರಡು ಸಲವೂ ಒಂದೇ ಹೇಳಿದರೆ ಓದ್ತಾ ಇದೆ ಅಂತ" ಅಂದರು.

ಗಂಡ ಮನೆಯಲ್ಲಿಲ್ಲದಾಗ ಪುಟ್ಟತಾಯಮ್ಮ ಹಾಗೇ ಮಾಡಿದಳು. ಮೊದಲ ಸಲ ಮಗು "ಕೊಡ" ಅಂದಿತು. ಎರಡನೆಯ ಸಲ "ನಾಯಿ" ಅಂದಿತು. ಮೂರನೆಯ ಸಲ ಬೆರಳು ಇಡುವ ಮೊದಲೇ "ಮಳೆ ಬಂತು" ಅಂದಿತು.

"ಯಾಕವ್ವ ಸುಳ್ಳೋದ್ತೀಯೆ?"

"ನಿಂತ್ರೆ ಅಪ್ಪ ಒಡೀತದೆ ಕಣವ್ವ."

ಪುಟ್ಟತಾಯಮ್ಮ ಮತ್ತೆ ಹೋಗಿ ಹೇಳಿದ್ದನ್ನು ಕೇಳಿ ಮೇಷ್ಟ್ರ ಮುಖ ಕಪ್ಪಿಟ್ಟಿತು. ಅವತ್ತೇ ಸಂಜೆ ಚಿಕ್ಕಣ್ಣನ ಜಗಲಿಗೆ ಬಂದರು. "ತಪ್ಪು ನನ್ನದು ಚಿಕ್ಕಣ್ಣ, ಸರಿಯಾಗಿ ಹೇಳಲಿಲ್ಲ. ಕಲಿಯೋ ಮಗು ತಡವರಿಸಲೇಬೇಕು. ಮಗು ಬೆದರಿದೆ. ಈ ಸಲ ಪರೀಕ್ಷೆ ಬೇಡ, ಬರುವ ವರ್ಷ ನೋಡೋಣ."

ಚಿಕ್ಕಣ್ಣನ ದನಿ ತಣ್ಣಗಿತ್ತು. "ಅವತ್ತೊಂದು, ಇವತ್ತೊಂದು. ನನ್ ಮಗಳು ಮುಂದೆ ಬಂದ್ರೆ ನಿಮ್ಗೇನ್ ಸಂಕ್ಟ ಮೇಷ್ಟ್ರೆ? ನಾಡಿದ್ದು ಓದ್ತಾಳೆ. ಊರೇ ಕೇಳ್ಲಿ."

ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಬಿಳಿಕೆರೆಯಿಂದ ಕಮಾನುಗಾಡಿಯಲ್ಲಿ ಬಂದರು. ತಾಯಿತಂದೆಯರೆಲ್ಲ ಸ್ಕೂಲಿನ ಕಿಟಕಿ, ಬಾಗಿಲ ಸುತ್ತ ನಿಂತಿದ್ದರು. ಬಿಸಿಲು ಏರಿತ್ತು. ಕೆಂಪಾಜಿಯ ಹೆಸರು ಕೂಗಿದಾಗ ಚಿಕ್ಕಣ್ಣ ಪೇಟ ಸರಿಮಾಡಿಕೊಂಡು ಕಿಟಕಿಯ ಹತ್ತಿರ ಎಲ್ಲರಿಗಿಂತ ಮುಂದೆ ಬಂದು ನಿಂತ.

ಇನ್‌ಸ್ಪೆಕ್ಟರು ತಾವು ತಂದಿದ್ದ ಬೇರೆ ಪುಸ್ತಕ ತೆಗೆದು ಮಗುವಿನ ಕೈಗೆ ಕೊಟ್ಟರು.

ಕೆಂಪಾಜಿ ಒಮ್ಮೆ ಕಿಟಕಿಯ ಕಡೆ ನೋಡಿದಳು. ಶುರುಮಾಡಿದಳು. "ಹಸು ಮರದ ಕೆಳಗೆ ಬಂತು ಬಂದು ರಾಜನ ನೀರು ಕುಡಿಯಿತು ರಾಜ ಮಗ್ಗಿ ಹೇಳಿದನು ಮಗ್ಗಿ ಕೊಡದಲ್ಲಿ ತುಂಬಿತು ಕೊಡ ಹೊಲಕ್ಕೆ ಹೋಯಿತು..."

ಒಂದಿಬ್ಬರು ಹುಡುಗರು ನಕ್ಕರು. ಇನ್‌ಸ್ಪೆಕ್ಟರು ಹಾಳೆ ತಿರುವಿದರು; ಓದು ನಿಲ್ಲಲಿಲ್ಲ. ಪುಸ್ತಕವನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡು ಮುಚ್ಚಿದರು. ಕೆಂಪಾಜಿ ಬರಿಗೈಯನ್ನು ಹಾಗೇ ಹಿಡಿದುಕೊಂಡು ಓದುತ್ತಲೇ ಇದ್ದಳು.

"ಸಾಕಮ್ಮ. ನಿಲ್ಲಿಸು."

ನಿಲ್ಲಿಸು ಅನ್ನುವ ಮಾತು ಕೇಳಿದ್ದೇ ಮಗುವಿನ ದನಿ ಇನ್ನೂ ಜೋರಾಯಿತು. ಕುತ್ತಿಗೆಯ ನರ ಉಬ್ಬಿತು. ಲಂಗದ ಅಂಚಿನಿಂದ ನೆಲಕ್ಕೆ ನೀರು ಇಳಿಯಿತು.

ಹೆಂಗಸರು ಆ ಹೊಸ್ತಿಲು ದಾಟಿದವರಲ್ಲ. ಪುಟ್ಟತಾಯಮ್ಮ ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿ ಮಗಳನ್ನು ಎದೆಗೆ ಅವುಚಿಕೊಂಡಳು. ಸೆರಗಿನೊಳಗಿಂದಲೂ ಆ ದನಿ ಕೇಳುತ್ತಿತ್ತು. ಮೇಲೆ ಸರಿದ ಲಂಗದ ಕೆಳಗೆ ಮೀನಖಂಡದ ಬಾಸುಂಡೆಗಳನ್ನು ಇನ್‌ಸ್ಪೆಕ್ಟರು ನೋಡಿದರು. ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ತಲೆ ಎತ್ತಲಿಲ್ಲ.

ಕಿಟಕಿಯಲ್ಲಿ ಚಿಕ್ಕಣ್ಣ ಇರಲಿಲ್ಲ. ಊರ ದಾರಿಯಲ್ಲಿ ಒಬ್ಬನೇ ದಾಪುಗಾಲು ಹಾಕಿಕೊಂಡು ಹೋಗುತ್ತಿದ್ದ. ಹುಣಸೆ ಮರದ ಹತ್ತಿರ ನಿಂತು ಮೇಲಕ್ಕೆ ಕೈ ಚಾಚಿದ್ದು ಪುಟ್ಟತಾಯಮ್ಮನಿಗೆ ಕಾಣಿಸಿತು. ಅವಳು ಮಗಳನ್ನು ಸೊಂಟಕ್ಕೇರಿಸಿಕೊಂಡು ಆ ಕಡೆ ಹೋಗದೆ ಬಿಳಿಕೆರೆಯ ದಾರಿ ಹಿಡಿದಳು. ಅಲ್ಲಿ ಮೋಟಾರು ಬಸ್ಸು ಹತ್ತಿ ಪಿರಿಯಾಪಟ್ಟಣದ ಮಗ್ಗುಲಿನ ತವರು ಸೇರುವಷ್ಟರಲ್ಲಿ ಸಂಜೆಯಾಗಿತ್ತು. ಅಣ್ಣ ಮುದ್ದಯ್ಯ ಮಗುವನ್ನು ಅವಳ ಸೊಂಟದಿಂದ ಇಳಿಸಿಕೊಂಡ.

ಮೂರನೆಯ ದಿನ ಚಿಕ್ಕಣ್ಣ ಬಂದ. ಅಂಗಳದಲ್ಲಿ ನಿಂತು, "ಭಾವ, ಅವಳ್ನೂ ಮಗಳ್ನೂ ಕಳ್ಸು" ಅಂದ.

ಅವನ ದನಿ ಕೇಳಿದ್ದೇ ಒಳಗೆ ಮೂಲೆಯಲ್ಲಿ ಅಲಸಂದೆ ಬಿಡಿಸುತ್ತಿದ್ದ ಕೆಂಪಾಜಿ ಓದಲು ಶುರುಮಾಡಿದಳು. ಕೈಯಲ್ಲಿ ಕಾಳು ಇದ್ದವು, ಪುಸ್ತಕ ಇರಲಿಲ್ಲ. ಪುಟ್ಟತಾಯಮ್ಮ ಬಾಗಿಲಿಗೆ ಅಡ್ಡ ನಿಂತು, "ಕೇಳಿಸ್ಕಳಿ. ಇದೇಯಾ ನೀವು ಕಲಿಸಿದ್ದು" ಅಂದಳು.

ಚಿಕ್ಕಣ್ಣ ಮುದ್ದಯ್ಯ ಕೊಟ್ಟ ನೀರಿನ ಚೊಂಬನ್ನು ಕೈಯಲ್ಲಿ ಹಿಡಿದೇ ಇದ್ದ, ಕುಡಿಯಲಿಲ್ಲ. ಜಗಲಿಯ ಮೇಲೆ ಇಟ್ಟು ಹೊರಟುಹೋದ.

ಆಮೇಲೆ ತಿಂಗಳಿಗೊಂದು ಸಲ ಆಳಿನ ಕೈಯಲ್ಲಿ ಗಾಡಿ ಮೇಲೆ ರಾಗಿ ಕಳಿಸುತ್ತಿದ್ದ, ತಾನು ಬರುತ್ತಿರಲಿಲ್ಲ. ಎತ್ತಿನ ಗೆಜ್ಜೆ ಸದ್ದು ಕೇಳಿದರೆ ಕೆಂಪಾಜಿ ಕಾಳು ತುಂಬಿಡುವ ಮಣ್ಣಿನ ವಾಡೆಗಳ ಸಂದಿಗೆ ಸೇರಿಕೊಳ್ಳುತ್ತಿದ್ದಳು. ಪುಟ್ಟತಾಯಮ್ಮ ಹೊರಗೆ ಹೋಗಿ ನೋಡಿ ಬಂದು, "ಅಪ್ಪ ಬಂದಿಲ್ಲ ಕಣವ್ವ" ಅನ್ನುವವರೆಗೂ ಆ ಸಂದಿಯೊಳಗೆ ಅವಳ ತುಟಿ ಆಡುತ್ತಲೇ ಇರುತ್ತಿತ್ತು.