ಮುಂಚೆ ಬರುವ ದನಿ

ಅಕ್ಕನ ಮನೆಗೆ ಬಂದು ಸೇರಿದಾಗಿನಿಂದ ತಂಗಿಯದು ಒಂದೇ ಪಟ್ಟು. “ಅಮ್ಮನ ದನಿ ಕೇಳಿಸೇ. ಮುಖ ಫೋಟೋದಲ್ಲಿದೆ, ದನಿ ಮರೆತೇಹೋಗಿದೆ. ಬಾಗಿಲು ಕಿರ್ ಅಂದ್ರೂ ಟೇಪ್ ಮಾಡ್ತಿದ್ದವಳು ನೀನು, ಅಮ್ಮನ್ನ ಬಿಟ್ಟಿರ್ತೀಯಾ?”

“ಹುಡುಕ್ತೀನಿ ಇರು” ಎಂದು ಅಕ್ಕ ಜಾರಿಕೊಳ್ಳುತ್ತಿದ್ದಳು.

ಹುಡುಕಲು ಏನೂ ಇರಲಿಲ್ಲ. ಪರದೇಶಕ್ಕೆ ಬಂದ ಹೊಸದರಲ್ಲಿ ಅವಳು ಹಗಲೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿ, ಉಳಿದ ಹೊತ್ತಿನಲ್ಲಿ ಸದ್ದುಗಳನ್ನು ಕತ್ತರಿಸಿ ಅಂಟಿಸಿ ಸಂಗೀತ ಕಟ್ಟುತ್ತಿದ್ದಳು. ರಾಗವಿಲ್ಲ, ಹಾಡಿಲ್ಲ; ಬರೀ ನಲ್ಲಿ, ಬೀಗ, ಮೆಟ್ಟಿಲುಗಳ ಸದ್ದು. ಮೊದಲ ಕಛೇರಿಗೆ ಆರಿಸಿದ್ದು ಅಮ್ಮನ ಹೊಲಿಗೆ ಮಿಷಿನ್ನಿನ ಸದ್ದು, ಪೆಟ್ಟಿಗೆಯಲ್ಲಿ ತಂದಿದ್ದ ಟೇಪಿನ ಸುರುಳಿ. ನಡುವೆ ಅಮ್ಮ ಮಿಷಿನ್ ನಿಲ್ಲಿಸಿ ಏನೋ ಕೂಗಿದ್ದಳು. ಲಯ ಕೆಡುತ್ತದೆಂದು ಅಷ್ಟನ್ನು ಬ್ಲೇಡಿನಿಂದ ಕತ್ತರಿಸಿ, ಉಳಿದದ್ದನ್ನು ಅಂಟಿಸಿದಳು. ತುಂಡು ಕಸದ ಜೊತೆ ಹೋಯಿತು. ಅಮ್ಮ ಇದ್ದಳಲ್ಲ, ಊರಿಗೆ ಹೋದಾಗ ಮತ್ತೆ ಕೂಗಿಸಿದರಾಯಿತು. ತುಂಬಿದ ಬಾವಿಯ ನೀರನ್ನು ಯಾರು ಎತ್ತಿಡುತ್ತಾರೆ? ಊರಿಗೆ ಹೋಗಿಬರಲು ಇಲ್ಲಿನ ಸರ್ಕಾರದ ಅನುಮತಿ ಸಿಗುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದಳು.

ಒಂದು ಸಂಜೆ ಅಕ್ಕ ಇದನ್ನೆಲ್ಲ ಹೇಳಿಬಿಟ್ಟಳು. ತಂಗಿ ಈರುಳ್ಳಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

“ಒಂದು ರವಿಕೆ ಕತ್ತರಿಸೋಕೆ ಅಮ್ಮ ಹತ್ತು ಸಲ ಅಳತೆ ನೋಡ್ತಿದ್ಲು. ನೀನು ಅಮ್ಮನ್ನೇ ಕತ್ತರಿಸಿದ್ಯಲ್ಲೇ, ಮಹಾತಾಯಿ!” ಮೂಗು ಒರೆಸಿಕೊಂಡು ಅಂದಳು: “ಹೋಗ್ಲಿ, ಮಿಷಿನ್ನಿನ ಸದ್ದಾದ್ರೂ ಹಾಕು. ತುಳಿದಿದ್ದು ಅವಳ ಕಾಲೇ ತಾನೆ.”

ಕಛೇರಿಗೆ ನಕಲು ತೆಗೆದ ಮೇಲೆ ಆ ಸುರುಳಿಯನ್ನು ಅಕ್ಕ ಮುಟ್ಟಿರಲಿಲ್ಲ. ಹಳೆಯ ಟೇಪನ್ನು ಕೇಳುವ ಮುನ್ನ ಹಿಂದೆ ಮುಂದೆ ನಾಲ್ಕಾರು ಸಲ ಸುತ್ತುವುದು ಅವಳ ಕಸುಬಿನ ಪದ್ಧತಿ. ಒದ್ದೆ ಬಟ್ಟೆಯ ಬಣ್ಣ ಪಕ್ಕದ ಬಟ್ಟೆಗೆ ಹತ್ತುವಂತೆ, ಸುರುಳಿಯ ಒಂದು ಸುತ್ತಿನ ಸದ್ದು ಅದಕ್ಕಿಂತ ಮೊದಲು ಓಡುವ ಮೇಲಿನ ಸುತ್ತಿಗೂ ಮಸುಕಾಗಿ ಹತ್ತಿರುತ್ತದೆ. ಸುತ್ತಿದಷ್ಟೂ ಆ ಕಲೆ ಮಾಸುತ್ತದೆ. ಇದನ್ನೂ ಸುತ್ತಲು ಕೈ ಹಾಕಿದಳು.

“ನಿನ್ನ ಶಾಸ್ತ್ರ ಎಲ್ಲ ಆಮೇಲೆ. ನೆಟ್ಟಗೆ ಹಾಕೇ!” ತಂಗಿ ರೇಗಿದಳು.

ಅಕ್ಕ ನೆಟ್ಟಗೆ ಹಾಕಿದಳು. ಮಿಷಿನ್ ಓಡಿತು, ಓಡಿತು, ನಿಂತಿತು. ಕತ್ತರಿಸುವಾಗ ಅಲ್ಲಿ ಅವಳು ಒಂದು ಉಸಿರಿನಷ್ಟು ಬಿಡುವು ಉಳಿಸಿದ್ದಳು. ಆ ಬಿಡುವಿನೊಳಗೆ, ಗೋಡೆಯಾಚೆಯಿಂದ ಬಂದಂತೆ, ಯಾರೋ ಅಂದರು:

“ಕತ್ತಲಾಯ್ತು, ದೀಪ ಹಾಕೇ...”

ಮಿಷಿನ್ ಮತ್ತೆ ಓಡಿತು. ತಂಗಿ ಟೇಪಿನ ಹತ್ತಿರಕ್ಕೆ ಬಾಗಿದಳು. “ಯಾರೇ ಅದು?”

“ಅಮ್ಮ. ನಾನು ಕತ್ತರಿಸೋ ಮೊದಲೇ ಮೇಲಿನ ಸುತ್ತಿಗೆ ಹತ್ತಿಬಿಟ್ಟಿದ್ಲು. ಆಗ ಲಯದ ಗುಂಗಲ್ಲಿ ನನ್ನ ಕಿವಿಗೇ ಬೀಳಲಿಲ್ಲ.”

“ಇನ್ನೊಂದ್ಸಲ ಹಾಕು.”

“ಮುಟ್ಬೇಡ! ಸುತ್ತಿದಷ್ಟೂ ಮಾಸಿಹೋಗ್ತಾಳೆ.”

ಅಕ್ಕ ಎರಡನೆಯ ಟೇಪ್ ಯಂತ್ರ ತಂದು ವೈರು ಸಿಕ್ಕಿಸಿದಳು. ಸುರುಳಿಯನ್ನು ಬೆರಳಿನಿಂದ ಒಮ್ಮೆ ಮಾತ್ರ ಮೆಲ್ಲಗೆ ಹಿಂದಕ್ಕೆ ತಿರುಗಿಸಿ, ನಕಲು ತೆಗೆದಳು. ಅದು ಮುಗಿಯುವವರೆಗೆ ಇಬ್ಬರೂ ಕೆಮ್ಮಲೂ ಇಲ್ಲ.

ಈಗ ದಿನಾ ಸಂಜೆ ನಕಲನ್ನು ಕೇಳುತ್ತಾರೆ. ಆ ಪಿಸುದನಿ ನಿಜವಾದ ದನಿಗಿಂತ ಮುಂಚೆ ಬರುವಂಥದ್ದು. ಅದು ಬಂದ ಮೇಲೆ ಇನ್ನೇನು ಅಮ್ಮ ಗಟ್ಟಿಯಾಗಿ ಕೂಗುತ್ತಾಳೆಂದು ಕಿವಿ ಕಾಯುತ್ತದೆ. ಕೂಗುವುದಿಲ್ಲ. ಮಿಷಿನ್ ಓಡುತ್ತದೆ.

ತಂಗಿ ಎದ್ದು ದೀಪ ಹಾಕುತ್ತಾಳೆ.