ನರಿಗಳ ಪರವಾಗಿ ನಾನು ಮಾಡಿದ ಭಾಷಣ

ಹೈದರಾಬಾದಿನ ತಾರ್ನಾಕದ ನಮ್ಮ ಕಾಲೊನಿಯಲ್ಲಿ ಕಾಡುಪ್ರಾಣಿಗಳ ವಿಷಯಕ್ಕೆ ನಾನೇ ಪಂಡಿತ. ಈ ಬಿರುದು ಯಾರೂ ಕೊಟ್ಟದ್ದಲ್ಲ, ನಾನೇ ತೆಗೆದುಕೊಂಡದ್ದು. ಯೂನಿವರ್ಸಿಟಿ ಕಡೆಯಿಂದ ಒಂದು ಮುಂಗುಸಿ ರಸ್ತೆ ದಾಟಿದರೂ ಸಾಕು, ಅದರ ಊಟ, ವಾಸ, ಸಂಸಾರ ಎಲ್ಲವನ್ನೂ ಪಕ್ಕದಲ್ಲಿದ್ದವರಿಗೆ ವಿವರಿಸುತ್ತೇನೆ. ಅವರು ಮೊಬೈಲ್ ತೆಗೆದರೆ, ಮುಂಗುಸಿಯ ಫೋಟೊ ತೆಗೆಯುತ್ತಿದ್ದಾರೆ ಎಂದುಕೊಳ್ಳುತ್ತೇನೆ.

ಹೀಗಿರುವಾಗ ಬಸವಲಿಂಗಪ್ಪನವರ ಫೋನ್ ಬಂತು. ಫ್ಯಾಕ್ಟರಿಯಲ್ಲಿ ನನ್ನ ಮೇಲಧಿಕಾರಿಯಾಗಿದ್ದ ಅವರು ನಿವೃತ್ತರಾದ ಮೇಲೆ ಆಂಧ್ರದ ಬಾಪಟ್ಲದ ಕಡೆ, ಸಮುದ್ರದಂಡೆಯ ಕಾಲೊನಿಯೊಂದರಲ್ಲಿ ಮನೆ ಮಾಡಿದ್ದರು. ಹೊತ್ತು ಮುಳುಗಿದರೆ ಅಲ್ಲಿ ನರಿಗಳು ಮನೆಗಳ ನಡುವೆಯೇ ಓಡಾಡುತ್ತವಂತೆ. ಜನ ಹೆದರಿ ವಿಷ ಇಡುವ ಮಾತಾಡುತ್ತಿದ್ದಾರೆ, ನೀವು ಬಂದು ತಿಳಿಸಿ ಹೇಳಬೇಕು ಎಂದರು. ನಾನು ಎರಡನೆಯ ಸಲ ಕರೆಸಿಕೊಳ್ಳಲಿಲ್ಲ. ಹೆಂಡತಿ ಪ್ರಫುಲ್ಲಾಳನ್ನೂ ಕರೆದುಕೊಂಡು ರೈಲು ಹತ್ತಿದೆ. ದಾರಿಯಲ್ಲಿ ಅವಳೆದುರು ಭಾಷಣದ ತಾಲೀಮು ನಡೆಸಿದೆ. ಕಾಜಿಪೇಟೆ ಬರುವಷ್ಟರಲ್ಲಿ ಅವಳು ನಿದ್ದೆಹೋಗಿದ್ದಳು.

ಸಂಜೆ ಕಾಲೊನಿಯ ತೆರೆದ ಮಂಟಪದಲ್ಲಿ ಸಭೆ. ಬುತ್ತಿಯ ಚೀಲವನ್ನು ಹಿಂದಿಟ್ಟು, ಸಮುದ್ರಕ್ಕೆ ಬೆನ್ನು ಮಾಡಿ ನಿಂತು, ನನ್ನ ಹೈದರಾಬಾದಿ ತೆಲುಗಿನಲ್ಲಿ ಶುರುಮಾಡಿದೆ. ನರಿ ಎದುರಾದರೆ ಓಡಬಾರದು, ಕೈ ಎತ್ತಿ ಧೈರ್ಯವಾಗಿ ನಿಲ್ಲಬೇಕು ಎಂದೆ. ಅದು ಏಡಿ, ಸತ್ತ ಮೀನು ತಿಂದು ದಂಡೆಯನ್ನು ಚೊಕ್ಕಟವಾಗಿಡುವ ನಾಚಿಕೆಯ ಪ್ರಾಣಿ. ದೀಪ ಉರಿಯುವಲ್ಲಿ, ಜನ ಸೇರಿದಲ್ಲಿ ಸುಳಿಯುವುದೇ ಇಲ್ಲ ಎಂದೆ. ಸಭೆ ತಟ್ಟನೆ ಮೌನವಾಯಿತು. ಎಲ್ಲರೂ ಕಣ್ಣರಳಿಸಿ ಕೂತರು. ನನ್ನ ಮಾತಿಗೆ ಇಂಥ ಪರಿಣಾಮ ಹಿಂದೆಂದೂ ಆಗಿರಲಿಲ್ಲ. ಉಬ್ಬಿಹೋಗಿ ದನಿ ಏರಿಸಿದೆ.

ಮುಂದಿನ ಸಾಲಿನಿಂದ ಪ್ರಫುಲ್ಲಾ ಮೆಲ್ಲಗೆ ಹೇಳಿದಳು: "ರೀ, ಒಮ್ಮೆ ಹಿಂದ ಹೊಳ್ಳಿ ನೋಡ್ರಿ."

ನೋಡಿದೆ. ಒಂದು ನರಿ ನನ್ನ ಚೀಲಕ್ಕೆ ಮೂತಿ ತೂರಿಸಿ ರೊಟ್ಟಿಯ ಗಂಟನ್ನು ಎಳೆಯುತ್ತಿತ್ತು. ತುಸು ದೂರದಲ್ಲಿ ಎರಡು ಬಡಕಲು ಮರಿಗಳು ಕಾಯುತ್ತಿದ್ದವು. ನರಿ ತಲೆ ಎತ್ತಿ ನನ್ನನ್ನೇ ದಿಟ್ಟಿಸಿತು. ಮರುಗಳಿಗೆ ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲಿದ್ದೆ. ಅದರ ಕಾಲು ಲಟ್ಟನೆ ಮುರಿದು ಮೈಕಿನ ಸಮೇತ ಕೆಳಗುರುಳಿದೆ. ಆ ಸದ್ದಿಗೆ ನರಿ ಗಂಟು ಕಚ್ಚಿಕೊಂಡು ಗಾಳಿಮರಗಳತ್ತ ಓಡಿತು. ಮರಿಗಳೂ ಹಿಂದೆಯೇ ಓಡಿದವು.

ಸಭೆಗೆ ಸಭೆಯೇ ನಕ್ಕಿತು. ವಿಷ ಇಡಲೇಬೇಕೆಂದು ಹಟ ಹಿಡಿದಿದ್ದ ಕೃಷ್ಣಾಬಾಯಿ ಎಂಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು, ಪಾಪ, ಮಕ್ಕಳ ತಾಯಿ, ಹಸಿದು ಬಂದಿದೆ, ಅದಕ್ಕೇನು ವಿಷ ಹಾಕುವುದು ಎಂದಳು. ಮೀನಿನ ಕಸವನ್ನು ಮನೆಯ ಮುಂದೆ ಎಸೆಯಬಾರದು, ಕಸದ ಡಬ್ಬಿಗೆ ಮುಚ್ಚಳ ಹಾಕಬೇಕು ಎಂದು ಅಲ್ಲಿಯೇ ತೀರ್ಮಾನವಾಯಿತು.

ಬಸವಲಿಂಗಪ್ಪನವರು ನನ್ನನ್ನು ಎಬ್ಬಿಸಿ ಕೂರಿಸುತ್ತ, "ಸೂರ್ಯಕಾಂತ, ನಿಮ್ಮ ಭಾಷಣಕ್ಕಿಂತ ನೀವು ಬಿದ್ದದ್ದ ಭಾಳ ಉಪಯೋಗ ಆತು ನೋಡ್ರಿ" ಎಂದರು.

ಮರುದಿನ ಬೆಳಿಗ್ಗೆ, ಬಾತ ಮೊಣಕಾಲು ಎಳೆದುಕೊಂಡು ಪ್ರಫುಲ್ಲಾಳ ಜೊತೆ ದಂಡೆಗೆ ಹೋದೆ. ಅದೇ ತಾಯಿ ಮರಿಗಳೊಂದಿಗೆ ಒದ್ದೆ ಮರಳು ಕೆದರುತ್ತಿತ್ತು. ಒಂದು ಮರಿ ಏಡಿಗೆ ಮೂಗು ಕೊಟ್ಟು ಕಚ್ಚಿಸಿಕೊಂಡು ಹಿಂದಕ್ಕೆ ಹಾರಿತು. ಆಮೇಲೆ ಮತ್ತೆ ಅಲ್ಲಿಗೇ ಹೋಯಿತು. ಪ್ರಫುಲ್ಲಾ ನನ್ನ ವಿವರಣೆಗಾಗಿ ಕಾದಳು.

"ಯಾಕ್ರಿ, ಏನೂ ಹೇಳಂಗಿಲ್ಲೇನು?"

"ಇಲ್ಲ," ಎಂದೆ. "ನೋಡಾಕತ್ತೀನಿ."

ಅವಳು ಮರಳಿನ ಮೇಲೆ ಕೂತು, ನನ್ನನ್ನೂ ಕೈಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಬಿಸಿಲು ಏರುವವರೆಗೂ ಇಬ್ಬರೂ ಮರಿಗಳನ್ನು ನೋಡುತ್ತ ಕೂತೆವು.